ಪದ ಪರಿಚಯ: ಪ್ರೋಟಾನ್ ಚದುರಿಕೆ

ಚದುರಿಕೆ (ಸ್ಕ್ಯಾಟರಿಂಗ್, ಅಂದ್ರೆ ಕಣ ಬಡಿದು ದಿಕ್ಕು ಬದಲಿಸೋದು) ಅಂದ ತಕ್ಷಣ ನೆನಪಾಗೋದು ಪಿಯುಸಿ ಫಿಸಿಕ್ಸಿನ ಆ ಚಿನ್ನದ ಹಾಳೆ, ಅದರ ಮೇಲೆ ಆಲ್ಫಾ ಕಣ ಬಿಟ್ಟಿದ್ದು, ಕೆಲವು ಹೋದ ದಾರೀಲೇ ವಾಪಸ್ ಬಂದಿದ್ದು, 1911ರಲ್ಲಿ ರುದರ್‌ಫೋರ್ಡ್ ಅದರಿಂದ ನ್ಯೂಕ್ಲಿಯಸ್ ಇದೆ ಅಂತ ಲೆಕ್ಕ ಹಾಕಿದ್ದು. ಹಗುರ ನ್ಯೂಕ್ಲಿಯಸ್ಸಿನಿಂದ ಆಗೋ ಕಡಿಮೆ ಶಕ್ತಿಯ ಪ್ರೋಟಾನ್ ಚದುರಿಕೆಯಲ್ಲೂ ಆಟ ಅದೇ. ಆಲ್ಫಾ ಬದಲು ಪ್ರೋಟಾನು, ಚಿನ್ನದ ಬದಲು ಲೀಥಿಯಂ, ಬೋರಾನ್, ಕಾರ್ಬನ್ ಥರದ ಹಗುರ ನ್ಯೂಕ್ಲಿಯಸ್ಸು, ಅಷ್ಟೇ.

'ಕಡಿಮೆ ಶಕ್ತಿ' ಅನ್ನೋದನ್ನ ನಂಬಬೇಡಿ. ಇಲ್ಲಿ ಅದು 2 ಎಮ್‌ಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿ ಅಳೆಯೋ ಮಾನ) ಆಸುಪಾಸು. 2 ಎಮ್‌ಇವಿ ಅಂದ್ರೆ 20 ಲಕ್ಷ ವೋಲ್ಟ್ ತಳ್ಳಿದಾಗ ಪ್ರೋಟಾನಿಗೆ ಸಿಗೋ ಶಕ್ತಿ, ಆಗ ಅದು ಸೆಕೆಂಡಿಗೆ 19,000 ಕಿ.ಮೀ.ಗಿಂತ ಜೋರಾಗಿ ಓಡ್ತಿರುತ್ತೆ! ನ್ಯೂಕ್ಲಿಯಸ್ ಲೋಕದಲ್ಲಿ ಮಾತ್ರ ಇದು ಕಡಿಮೆ.

ಪ್ರೋಟಾನೂ ಪ್ಲಸ್, ನ್ಯೂಕ್ಲಿಯಸ್ಸೂ ಪ್ಲಸ್, ಹಾಗಾಗಿ ಹತ್ರ ಬಂದಷ್ಟೂ ತಳ್ಳಾಟ ಜಾಸ್ತಿ. ಚಿನ್ನದಲ್ಲಿ 79 ಪ್ರೋಟಾನ್ ಇರೋದ್ರಿಂದ ಅದರ ತಡೆಗೋಡೆ 10 ಎಮ್‌ಇವಿಗಿಂತ ಎತ್ತರ, ನಮ್ಮ 2 ಎಮ್‌ಇವಿ ಪ್ರೋಟಾನ್ ಗೇಟಿನ ಹತ್ರಾನೂ ಹೋಗದೆ ದೂರದಿಂದಲೇ ತಿರುಗಿ ಬರುತ್ತೆ, ಅಂದ್ರೆ ಅದು ಹೊತ್ತು ತರೋದು ಚಾರ್ಜಿನ ಸುದ್ದಿ ಮಾತ್ರ. ಕಾರ್ಬನ್ನಿನಲ್ಲಿ ಇರೋದೇ 6, ಗೋಡೆ ಸುಮಾರು 2 ಎಮ್‌ಇವಿ. ಇಲ್ಲಿ ಪ್ರೋಟಾನ್ ಒಳಗೇ ಇಣುಕಿ ಬರಬಹುದು, ಬರೀ ಚಾರ್ಜಿನ ತಳ್ಳಾಟದಿಂದ ಎಷ್ಟು ಚದುರುತ್ತೆ ಅಂತ ಹೇಳೋ ರುದರ್‌ಫೋರ್ಡ್ ಸೂತ್ರ ತಪ್ಪೋಕೆ ಶುರುವಾಗೋದೂ ಇಲ್ಲೇ, ಮತ್ತೆ ಎಲ್ಲಿ ಎಷ್ಟು ತಪ್ತು ಅನ್ನೋದ್ರಲ್ಲೇ ನ್ಯೂಕ್ಲಿಯಸ್ಸಿನ ಒಳಗಿನ ಸುದ್ದಿ ಇರೋದು.

ಉದಾಹರಣೆಗೆ ಕಾರ್ಬನ್-12 ಮೇಲೆ ಪ್ರೋಟಾನ್ ಬಿಡ್ತಾ ನಿಧಾನಕ್ಕೆ ಶಕ್ತಿ ಏರಿಸ್ತಾ ಹೋಗಿ, 1.7 ಎಮ್‌ಇವಿ ಆಸುಪಾಸಿನಲ್ಲಿ ಹಿಂದಕ್ಕೆ ಬರೋ ಪ್ರೋಟಾನ್ ಸಂಖ್ಯೆ ದಿಢೀರ್ ಅಂತ ಏರುತ್ತೆ, ರುದರ್‌ಫೋರ್ಡ್ ಲೆಕ್ಕಕ್ಕಿಂತ ಹತ್ತಾರು ಪಟ್ಟು. ಆ ಶಕ್ತೀಲಿ ಇಬ್ಬರೂ ಸೇರಿ ಅರೆಕ್ಷಣ ನೈಟ್ರೋಜನ್-13 ಆಗಿಬಿಡ್ತಾರೆ, ಅದರದೊಂದು ಶಕ್ತಿ ಮಟ್ಟಕ್ಕೆ ಇದು ಕರೆಕ್ಟಾಗಿ ಕೂರುತ್ತೆ. ಅರೆಕ್ಷಣ ಅನ್ನೋದೂ ತುಂಬಾ ದೊಡ್ಡ ಮಾತೇ, ಸೆಕೆಂಡಿನ ಕೋಟಿ ಕೋಟಿಯಲ್ಲೊಂದು ಭಾಗಕ್ಕಿಂತ ಕಡಿಮೆ. ಇದನ್ನೇ ಅನುರಣನ ಅನ್ನೋದು.

ಒಂದು ಕನ್ಫ್ಯೂಷನ್ ಇದೆ, ನಂಗೂ ಇತ್ತು. 1932ರಲ್ಲಿ ಕೇಂಬ್ರಿಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಪ್ರೋಟಾನ್ ಹೊಡೆದು ಲೀಥಿಯಮ್ಮನ್ನ ಎರಡು ಹೀಲಿಯಂ ಮಾಡಿದ್ರಲ್ಲ, ಅದು ಚದುರಿಕೆ ಅಲ್ಲ, ನ್ಯೂಕ್ಲಿಯರ್ ಕ್ರಿಯೆ. ನಾವು ಮಾತಾಡ್ತಿರೋ ಈ ಚದುರಿಕೆಯಲ್ಲಿ ಹೋದ ಪ್ರೋಟಾನ್ ಪ್ರೋಟಾನಾಗೇ ಆಚೆ ಬರಬೇಕು, ಟಾರ್ಗೆಟ್ಟೂ ಹಾಗೇ ಉಳೀಬೇಕು. ಕಾರ್ಬನ್ನಿನ ಮೊದಲ ಉದ್ರಿಕ್ತ ಮಟ್ಟ (ನ್ಯೂಕ್ಲಿಯಸ್ ಶಕ್ತಿ ಹೀರಿ ಏರೋ ಮೊದಲ ಮೆಟ್ಟಿಲು) ಇರೋದು 4.44 ಎಮ್‌ಇವಿ ಎತ್ತರದಲ್ಲಿ, ಹಾಗಾಗಿ 2 ಎಮ್‌ಇವಿ ಪ್ರೋಟಾನಿಗೆ ಅದನ್ನ ಅಷ್ಟು ಮೇಲೆ ಎತ್ತೋಕೇ ಆಗಲ್ಲ.

ಉಪಯೋಗ? ನೇರ ಹಿಂದಕ್ಕೆ ಬರೋ 2 ಎಮ್‌ಇವಿ ಪ್ರೋಟಾನ್ ಚಿನ್ನದಿಂದಾದ್ರೆ ಸುಮಾರು 1.96 ಎಮ್‌ಇವಿ ಉಳಿಸ್ಕೊಂಡಿರುತ್ತೆ, ರುಬ್ಬೋ ಗುಂಡಿಗೆ ಗೋಲಿ ಹೊಡೆದ ಹಾಗೆ, ಕಾರ್ಬನ್ನಿಂದಾದ್ರೆ 1.43 ಮಾತ್ರ. ಯಾವುದಕ್ಕೆ ಬಡಿದು ಬಂತು ಅಂತ ಡಿಟೆಕ್ಟರ್ ಹೀಗೇ ಕಂಡುಹಿಡಿಯುತ್ತೆ. ಆದ್ರೆ ಮಾಮೂಲಿ ಚದುರಿಕೆ ಚಾರ್ಜಿನ ವರ್ಗಕ್ಕೆ ತಕ್ಕ ಹಾಗೆ ಇರೋದ್ರಿಂದ ಚಿನ್ನದ ಲೆಕ್ಕ 79×79, ಅಂದ್ರೆ 6241 ಆದ್ರೆ ಕಾರ್ಬನ್ನಿನದು ಬರೀ 36, ಭಾರದ ಲೋಹದ ಗದ್ದಲದಲ್ಲಿ ಅದರ ದನಿ ಕೇಳಿಸೋದೇ ಇಲ್ಲ. ಅದಕ್ಕೇ ಲೋಹದ ಮೇಲಿನ ತೆಳು ಕಾರ್ಬನ್ ಪದರ ಹುಡುಕೋರು ಬೀಮನ್ನ ಆ 1.7ರ ಹತ್ರಾನೇ ತಂದು ಇಡ್ತಾರೆ.