ಬೀದಿಗಿಳಿದು ರೋಗಿಗಳನ್ನು ಹುಡುಕುತ್ತಿದ್ದ ಆಸ್ಪತ್ರೆ

ರೋಮ್‌ನಲ್ಲಿ ವ್ಯಾಟಿಕನ್ ಪಕ್ಕದಲ್ಲೇ, ಟೈಬರ್ ನದಿಯ ದಂಡೆಗೆ ಸಾಂತೋ ಸ್ಪಿರಿತೋ ಆಸ್ಪತ್ರೆ ಇದೆ. ಇವತ್ತಿಗೂ ಅಲ್ಲಿ ರೋಗಿಗಳು ದಾಖಲಾಗುತ್ತಾರೆ. ಅದರ ಚರಿತ್ರೆ ಮಾತ್ರ ಎಂಟುನೂರು ವರ್ಷಗಳಿಗಿಂತ ಹಳೆಯದು.

ಫ್ರಾನ್ಸಿನ ಮಾಂಟ್‌ಪೆಲಿಯೆ ಊರಿನಲ್ಲಿ ಗೀ ಎಂಬುವನು ರೋಗಿಗಳ ಸೇವೆಗೆಂದೇ ಒಂದು ಸನ್ಯಾಸಿ ಸಂಘ ಕಟ್ಟಿದ್ದ. 1198ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಅದಕ್ಕೆ ಒಪ್ಪಿಗೆ ಕೊಟ್ಟರು. 1204ರಲ್ಲಿ ರೋಮ್‌ನ ಈ ಆಸ್ಪತ್ರೆಯನ್ನೂ ಅವನ ಕೈಗೇ ಒಪ್ಪಿಸಿದರು. ಹಿಂದೆ ಆ ಜಾಗದಲ್ಲಿ ಇಂಗ್ಲೆಂಡಿನಿಂದ ಬರುವ ಯಾತ್ರಿಕರ ಛತ್ರವಿತ್ತು.

ಸಂಘದ ನಿಯಮಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು. ವಾರಕ್ಕೊಮ್ಮೆ ಬ್ರದರ್‌ಗಳು, ಅಂದರೆ ಸಂಘದ ಸನ್ಯಾಸಿಗಳು, ಬೀದಿ ಬೀದಿ ಸುತ್ತಿ, ಕಾಯಿಲೆ ಬಿದ್ದ ಬಡವರನ್ನು ಹುಡುಕಿ ಕರೆತರಬೇಕು. ರೋಗಿ ತಾನಾಗಿ ಬರಲಿ ಎಂದು ಸುಮ್ನೆ ಕೂರುವಂತಿರಲಿಲ್ಲ. ಆಗಿನ ಔಷಧಿಗೆ ಎಷ್ಟು ಶಕ್ತಿ ಇದ್ದೀತು ಹೇಳಿ? ಹೊಟ್ಟೆಗೆ ಊಟ, ಮಲಗಲು ಹಾಸಿಗೆ, ನೋಡಿಕೊಳ್ಳಲು ಒಬ್ಬರು. ಚಿಕಿತ್ಸೆಯಲ್ಲಿ ಮುಕ್ಕಾಲು ಪಾಲು ಇದೇ.

ಅನಾಥ ಶಿಶುಗಳಿಗೂ ಇಲ್ಲಿ ಜಾಗವಿತ್ತು. ಗೋಡೆಯಲ್ಲಿ ತಿರುಗುವ ಮರದ ಪೀಪಾಯಿ. ಹೊರಗಿನಿಂದ ಮಗುವನ್ನು ಅದರೊಳಗಿಟ್ಟು ತಿರುಗಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಟೈಬರ್ ನದಿಯ ಮೀನುಗಾರರ ಬಲೆಗೆ ಶಿಶುಗಳ ಹೆಣ ಸಿಕ್ಕಿ, ಅದನ್ನು ಕಂಡ ಇನ್ನೊಸೆಂಟ್ ಮರುಗಿ ಆಸ್ಪತ್ರೆ ಕಟ್ಟಿಸಿದರು ಎಂಬ ಕಥೆಯಿದೆ. ವಾರ್ಡಿನ ಗೋಡೆಯ ಮೇಲೆ ಅದರ ಚಿತ್ರವೂ ಇದೆ. ಆದರೆ ಅದನ್ನು ಬರೆಸಿದ್ದು ಎರಡೂವರೆ ಶತಮಾನ ಕಳೆದ ಮೇಲೆ. ಹಾಗಾಗಿ ಪೂರ್ತಿ ನಂಬುವುದು ಕಷ್ಟ.

1471ರಲ್ಲಿ ಕಟ್ಟಡ ಬೆಂಕಿಗೆ ತುತ್ತಾಯಿತು. ಪೋಪ್ ನಾಲ್ಕನೇ ಸಿಕ್ಸ್ಟಸ್ ಹೊಸದಾಗಿ ಕಟ್ಟಿಸಿದರು. ಸುಮಾರು 120 ಮೀಟರ್ ಉದ್ದದ ವಾರ್ಡು, ನಡುವೆ ಪೂಜಾಪೀಠ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ಭಕ್ತರ ಕಾಣಿಕೆ ಇತ್ತು, ಅದಕ್ಕಿಂತ ಜಾಸ್ತಿ ಜಮೀನಿತ್ತು. ರೋಮ್ ಸುತ್ತಮುತ್ತ ಆಸ್ಪತ್ರೆಯೇ ದೊಡ್ಡ ಜಮೀನ್ದಾರನಾಗಿತ್ತು. ಸಮುದ್ರ ದಂಡೆಯ ಸಾಂತಾ ಸೆವೆರಾ ಕೋಟೆಯೂ 1482ರಿಂದ ಶತಮಾನಗಳ ಕಾಲ ಅದರದ್ದೇ ಆಗಿತ್ತು. ಆ ಆಸ್ತಿಯನ್ನು ಜಾಮೀನಾಗಿಟ್ಟು ಪೋಪ್ ಐದನೇ ಪಾಲ್ 1605ರಲ್ಲಿ ಸಾಂತೋ ಸ್ಪಿರಿತೋ ಹೆಸರಿನಲ್ಲೇ ಬ್ಯಾಂಕ್ ತೆರೆದರು. ಬಡವರ ಆಸ್ಪತ್ರೆಯ ಹೊಲಗದ್ದೆ ನಂಬಿ ಜನ ದುಡ್ಡಿಟ್ಟರು! ಪೋಪ್ ಒಂಬತ್ತನೇ ಪಯಸ್ 1847ರಲ್ಲಿ ಸನ್ಯಾಸಿ ಸಂಘವನ್ನು ಮುಚ್ಚಿಸಿದರು. ಬ್ಯಾಂಕ್ ಮಾತ್ರ 1992ರವರೆಗೂ ನಡೆದು, ಕೊನೆಗೆ ಬಾಂಕಾ ದಿ ರೋಮಾದೊಳಗೆ ಸೇರಿಹೋಯಿತು.