ಕಾಫಿ ಕುಯ್ಲಿನ ಮೂರು ತಿಂಗಳು, ಕಾನೂನಿನ ಮೂರು ತಿಂಗಳು

ಡಿಸೆಂಬರ್ ತಿಂಗಳ ಒಂದು ಭಾನುವಾರ ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ರೈಟರ್ (ತೋಟದ ಲೆಕ್ಕಪತ್ರ ಬರೆಯುವವರು), ಒಬ್ಬ ಹೆಣ್ಣುಮಗಳನ್ನೂ ಆಕೆಯ ಹತ್ತು ವರ್ಷದ ಮಗನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹಾಸನದ ನನ್ನ ಕಚೇರಿಗೆ ಬಂದರು. ಕುಯ್ಲಿಗೆಂದು ಅಸ್ಸಾಂನಿಂದ ಬಂದು ತೋಟದ ಲೈನ್ ಮನೆಯಲ್ಲಿ ಇಳಿದುಕೊಂಡಿದ್ದ ಕುಟುಂಬ ಅದು. ಆಕೆಗೆ ಕನ್ನಡ ಬಾರದು, ಹಿಂದಿ ಅಷ್ಟಿಷ್ಟು ಬರುತ್ತದೆ. ಕಾಫಿ ಹಣ್ಣಿನ ಅಂಟು ಹತ್ತಿ ಕಪ್ಪಾಗಿದ್ದ ಬೆರಳುಗಳಿಂದ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿ, ಮಗನ ಜನನ ಪ್ರಮಾಣಪತ್ರದ ಜೆರಾಕ್ಸ್ ಪ್ರತಿಯನ್ನೂ ಊರಿನ ಶಾಲೆಯ ಅಂಕಪಟ್ಟಿಯನ್ನೂ ನನ್ನ ಮೇಜಿನ ಮೇಲೆ ಇಟ್ಟರು. ಅಂಕಪಟ್ಟಿ ಮಡಿಕೆಯಲ್ಲಿ ಹರಿದಿದ್ದರಿಂದ ಅದಕ್ಕೆ ಎರಡೂ ಕಡೆ ಟೇಪ್ ಅಂಟಿಸಿದ್ದರು. ತೋಟದಿಂದ ಎರಡು ಕಿಲೋಮೀಟರ್ ದೂರದ ಶಾಲೆಯಲ್ಲಿ ಹುಡುಗನನ್ನು ಸೇರಿಸಿಕೊಂಡಿರಲಿಲ್ಲ. ಟಿ.ಸಿ. ಇಲ್ಲ, ಶಾಲಾ ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ತಂತ್ರಾಂಶದಲ್ಲಿ ಹೆಸರು ಏರಿಸಲು ಬರುವುದಿಲ್ಲ, ಜೂನ್‌ನಲ್ಲಿ ಬನ್ನಿ ಎಂದು ಹೇಳಿ ಕಳಿಸಿದ್ದರು. ಹಾಗಾಗಿ ಅವನು ದಿನವೂ ತಾಯಿಯ ಜೊತೆಗೆ ತೋಟಕ್ಕೆ ಹೋಗಿ, ಸಿಲ್ವರ್ ಓಕ್ ಮರದ ಕೆಳಗೆ ತಂಗಿಯನ್ನು ನೋಡಿಕೊಂಡು ಕೂರುತ್ತಿದ್ದ.

ರೈಟರ್ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಬೆಂಗಳೂರಲ್ಲಿ ಮಕ್ಕಳ ಆಯೋಗ ಅಂತ ಇದೆಯಂತಲ್ಲ, ಅಲ್ಲಿಗೆ ಬರೆದರೆ ಏನಾದರೂ ಆಗುತ್ತದೆಯೇ?"

ಹಾಸನ, ಬೇಲೂರು, ಮೂಡಿಗೆರೆಗಳ ಕಡೆಯಿಂದ ನನ್ನ ಬಳಿಗೆ ಬರುವವರಲ್ಲಿ ಅನೇಕರು ಈ ಪ್ರಶ್ನೆಯನ್ನು ಕೇಳುತ್ತಾರೆ. ಆಯೋಗವೂ ಒಂದು ನ್ಯಾಯಾಲಯ, ದೂರು ಕೊಟ್ಟರೆ ಶಿಕ್ಷೆ ಕೊಡಿಸುತ್ತದೆ ಎಂದು ಕೆಲವರು ನಂಬಿದ್ದಾರೆ. ಅದಕ್ಕೆ ಯಾವ ಅಧಿಕಾರವೂ ಇಲ್ಲ, ಕಾಗದ ಕಳಿಸಿ ಸುಮ್ಮನಾಗುತ್ತದೆ ಎಂದು ಇನ್ನು ಕೆಲವರು ಕೈಬಿಟ್ಟಿದ್ದಾರೆ. ಕಾನೂನನ್ನು ಓದಿದರೆ ಎರಡೂ ತಪ್ಪು ಎಂದು ತಿಳಿಯುತ್ತದೆ.

ವಿಶ್ವಸಂಸ್ಥೆಯು 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರ ಡಿಸೆಂಬರ್ 11ರಂದು ಒಪ್ಪಿಗೆ ನೀಡಿತು. ಸರ್ಕಾರದ ಇಲಾಖೆಗಳೇ ಮಕ್ಕಳ ಹಕ್ಕಿಗೆ ಅಡ್ಡಬಂದಾಗ ಅಥವಾ ಕೈಚೆಲ್ಲಿ ಕುಳಿತಾಗ ಕೇಳುವವರು ಯಾರು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಸಿಗಲು ಮುಂದೆ ಹದಿಮೂರು ವರ್ಷ ಹಿಡಿಯಿತು. ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಅಧಿನಿಯಮ, 2005 ಎಂಬ ಕಾನೂನಿಗೆ 2006ರ ಜನವರಿ 20ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಅಡಿಯಲ್ಲಿ 2007ರಲ್ಲಿ ರಾಷ್ಟ್ರೀಯ ಆಯೋಗವೂ 2009ರಲ್ಲಿ ನಮ್ಮ ರಾಜ್ಯದ ಆಯೋಗವೂ ರಚನೆಯಾದವು. ಒಬ್ಬ ಅಧ್ಯಕ್ಷರು, ಆರು ಮಂದಿ ಸದಸ್ಯರು. ಸದಸ್ಯರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು. ಶಿಕ್ಷಣ, ಮಕ್ಕಳ ಆರೋಗ್ಯ, ಬಾಲ ನ್ಯಾಯ, ಬಾಲಕಾರ್ಮಿಕ ಪದ್ಧತಿಯ ನಿರ್ಮೂಲನೆ, ಮಕ್ಕಳ ಮನಶ್ಶಾಸ್ತ್ರ, ಮಕ್ಕಳಿಗೆ ಸಂಬಂಧಿಸಿದ ಕಾನೂನು ಮೊದಲಾದ ಕ್ಷೇತ್ರಗಳಲ್ಲಿ ಅನುಭವ ಉಳ್ಳವರನ್ನೇ ಸದಸ್ಯರನ್ನಾಗಿ ತೆಗೆದುಕೊಳ್ಳಬೇಕೆಂದು ಕಾನೂನು ಹೇಳುತ್ತದೆ.

ಆಯೋಗದ ಕೈಯಲ್ಲಿ ಇರುವುದೇನು? 13ನೇ ಕಲಮಿನ ಪ್ರಕಾರ ಅದು ಮಕ್ಕಳ ಹಕ್ಕಿನ ಉಲ್ಲಂಘನೆಯನ್ನು ವಿಚಾರಣೆ ಮಾಡಬಹುದು, ಬಾಲಮಂದಿರವನ್ನಾಗಲಿ ಮಕ್ಕಳಿಗಾಗಿ ಇರುವ ಖಾಸಗಿ ಸಂಸ್ಥೆಯನ್ನಾಗಲಿ ಹೋಗಿ ಪರಿಶೀಲಿಸಬಹುದು, ದೂರು ಬರದಿದ್ದರೂ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು. ವಿಚಾರಣೆಯ ವಿಷಯದಲ್ಲಿ 14ನೇ ಕಲಮು ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರಗಳನ್ನು ಕೊಟ್ಟಿದೆ. ಎಂದರೆ, ಅಧಿಕಾರಿಯನ್ನು ಸಮನ್ಸ್ ಕೊಟ್ಟು ಕರೆಸಿ ಪ್ರಮಾಣ ಮಾಡಿಸಿ ಪ್ರಶ್ನಿಸಬಹುದು, ಕಡತ ತರಿಸಬಹುದು, ಅಫಿಡವಿಟ್ ಮೂಲಕ ಹೇಳಿಕೆ ಪಡೆಯಬಹುದು, ಪ್ರಕರಣವನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಬಹುದು. ವಿಚಾರಣೆ ಮುಗಿದ ಮೇಲೆ ಸಂಬಂಧಪಟ್ಟವರ ಮೇಲೆ ಕ್ರಮಕ್ಕೆ ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಮಗುವಿಗೆ ಮಧ್ಯಂತರ ಪರಿಹಾರ ಕೊಡಿ ಎನ್ನಬಹುದು, ಅಗತ್ಯ ಬಿದ್ದರೆ ಉಚ್ಚ ನ್ಯಾಯಾಲಯದ ಅಥವಾ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಬಹುದು. ಯಾರನ್ನೂ ಜೈಲಿಗೆ ಕಳಿಸುವ ಅಧಿಕಾರ ಅದಕ್ಕಿಲ್ಲ. ಆದರೆ "ಏಕೆ ಹೀಗಾಯಿತು?" ಎಂದು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲಿಯೇ ಉತ್ತರ ಪಡೆಯುವ ಅಧಿಕಾರ ಇದೆ. ಕಚೇರಿಗಳ ಒಳಹೊರಗನ್ನು ಬಲ್ಲವರಿಗೆ ಅದರ ತೂಕ ಗೊತ್ತು.

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರಲ್ಲಿ ಅವನ ಪ್ರತಿಯೊಂದು ಅಡ್ಡಿಗೂ ಉತ್ತರವಿದೆ. ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ ಎಂದು 5ನೇ ಕಲಮು ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಪ್ರವೇಶ ಕೊಡಬೇಕೆಂದು 14ನೇ ಕಲಮು ಹೇಳುತ್ತದೆ. ಶಾಲಾ ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕೆಂಬುದು 15ನೇ ಕಲಮಿನಲ್ಲಿದೆ. ಸೇರಿಸುವ ತರಗತಿ ವಯಸ್ಸಿಗೆ ತಕ್ಕದ್ದಾಗಿರಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು ಎಂದು 4ನೇ ಕಲಮಿನಲ್ಲಿದೆ. ಮುಖ್ಯ ಶಿಕ್ಷಕರನ್ನು ಕೆಟ್ಟವರೆಂದು ನಾನು ಹೇಳಲಾರೆ. ಕಂಪ್ಯೂಟರಿನ ತೆರೆ ನಂಬರ್ ಕೇಳಿತು, ಅವರು ಆ ನಂಬರನ್ನು ತಾಯಿಯ ಕೈಯಲ್ಲಿ ಕೇಳಿದರು, ಅಷ್ಟೇ. ಆದರೆ ಸಂಸತ್ತು ಮಾಡಿದ ಕಾನೂನು ಒಂದು ತಂತ್ರಾಂಶದ ಖಾಲಿ ಚೌಕದ ಮುಂದೆ ಸೋಲಬಾರದು.

ಹಕ್ಕು ಇಷ್ಟು ಸ್ಪಷ್ಟವಾಗಿದ್ದರೂ ತೊಡಕು ಇರುವುದು ದೂರಿನ ದಾರಿಯಲ್ಲಿ. ಅದೇ ಅಧಿನಿಯಮದ 32ನೇ ಕಲಮಿನ ಪ್ರಕಾರ ಮೊದಲು ಸ್ಥಳೀಯ ಪ್ರಾಧಿಕಾರಕ್ಕೆ (ಪಂಚಾಯತಿ, ನಗರಸಭೆಯಂತಹ ಸ್ಥಳೀಯ ಸಂಸ್ಥೆಗೆ) ಲಿಖಿತ ದೂರು ಕೊಡಬೇಕು. ಅದು ಎರಡೂ ಕಡೆಯವರ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಊರಲ್ಲೇ ನೆಲೆ ನಿಂತಿರುವ ಕುಟುಂಬಕ್ಕೆ ಇದು ದೀರ್ಘವಾದರೂ ನಡೆದು ಮುಟ್ಟಬಹುದಾದ ದಾರಿ. ಮಲೆನಾಡಿನ ತೋಟಗಳಲ್ಲಿ ಅರೇಬಿಕಾ ಕುಯ್ಲು ನವೆಂಬರ್‌ನಲ್ಲಿ ಶುರುವಾಗಿ, ಜನವರಿಯಿಂದ ರೋಬಸ್ಟಾ ಹಿಡಿದು, ಮಾರ್ಚ್‌ನ ಹೊತ್ತಿಗೆ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಕೊಟ್ಟ ದೂರಿಗೆ ಕಾನೂನುಬದ್ಧವಾಗಿಯೇ, ಒಂದು ದಿನವೂ ತಡ ಮಾಡದೆ, ಮಾರ್ಚ್‌ನಲ್ಲಿ ತೀರ್ಮಾನ ಬಂದರೆ, ಅಷ್ಟರಲ್ಲಿ ಲೈನ್ ಮನೆಗೆ ಬೀಗ ಬಿದ್ದು ಕುಟುಂಬ ರೈಲು ಹತ್ತಿರುತ್ತದೆ. ಯಾರೂ ಕಾನೂನು ಮುರಿಯದೆಯೇ ಮಗುವಿನ ಒಂದು ಶಾಲಾ ವರ್ಷ ಮುಗಿದು ಹೋಗಿರುತ್ತದೆ.

ಸ್ವತಂತ್ರ ಆಯೋಗವೊಂದು ಏಕೆ ಬೇಕೆಂದು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸಿಕೊಟ್ಟದ್ದು ಈ ಲೆಕ್ಕವೇ. ಮೇಲ್ಮನವಿ ಬರಲಿ ಎಂದು ಆಯೋಗ ಕಾಯಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾನೂನಿನ 31ನೇ ಕಲಮು ಅದರ ಮೇಲುಸ್ತುವಾರಿಯನ್ನೇ ಆಯೋಗಕ್ಕೆ ಒಪ್ಪಿಸಿದೆ. ಕಾನೂನು ಜಾರಿಯಾಗುತ್ತಿಲ್ಲ ಎಂಬುದನ್ನು ತಾನಾಗಿಯೇ ಗಮನಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು 2005ರ ಅಧಿನಿಯಮ ಕೊಟ್ಟಿದೆ. ಆದ್ದರಿಂದ ನಾವು ಒಂದೇ ಅರ್ಜಿಯನ್ನು ಬರೆದು ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟೆವು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಆಯೋಗಕ್ಕೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆವು. ಆಯೋಗಕ್ಕೆ ಕಳಿಸಿದ ಪ್ರತಿಯಲ್ಲಿ, ಕುಟುಂಬ ಮಾರ್ಚ್‌ನಲ್ಲಿ ಊರು ಬಿಡುತ್ತದೆ, ಆದ್ದರಿಂದ ಮೂರು ತಿಂಗಳ ಕಾಲಮಿತಿಯಿಂದ ಈ ಮಗುವಿಗೆ ಪ್ರಯೋಜನವಿಲ್ಲ ಎಂಬ ಒಂದು ವಾಕ್ಯವನ್ನು ಸೇರಿಸಿದ್ದೆವು. ತಾಯಿ ಹೆಬ್ಬೆಟ್ಟು ಒತ್ತಿದರು. ಹನ್ನೊಂದನೆಯ ದಿನ ಶಾಲೆಯಿಂದಲೇ ರೈಟರ್‌ಗೆ ಫೋನ್ ಬಂತು, ಹುಡುಗನನ್ನು ಕರೆದುಕೊಂಡು ಬನ್ನಿ ಎಂದು. ಆಯೋಗ ಆಗಿನ್ನೂ ಏನನ್ನೂ ಮಾಡಿರಲಿಲ್ಲ. ಅರ್ಜಿಯ ಕೊನೆಯಲ್ಲಿ ಅದರ ಹೆಸರು ಇದ್ದದ್ದಕ್ಕೇ ತಾಲ್ಲೂಕು ಕಚೇರಿಯ ಮೇಜಿನ ಮೇಲಿನ ಕಾಗದ ಕದಲಿತು.

ಆ ಹೆಸರಿಗೆ ಈ ತೂಕ ಎಲ್ಲಿಯವರೆಗೆ? ಆಯೋಗ ನಿಜವಾಗಿಯೂ ಕೇಳಬಲ್ಲದು ಎಂಬ ನಂಬಿಕೆ ಇರುವವರೆಗೆ ಮಾತ್ರ. ಇಲ್ಲಿ ಕಾನೂನಿನ ದೌರ್ಬಲ್ಯವನ್ನು ಹೇಳದೆ ಮುಂದೆ ಹೋಗಲಾರೆ. ರಾಷ್ಟ್ರೀಯ ಆಯೋಗವನ್ನು ರಚಿಸತಕ್ಕದ್ದು ಎನ್ನುವ ಅಧಿನಿಯಮ, ರಾಜ್ಯ ಆಯೋಗದ ವಿಷಯಕ್ಕೆ ಬಂದಾಗ ರಾಜ್ಯ ಸರ್ಕಾರ ರಚಿಸಬಹುದು ಎನ್ನುತ್ತದೆ. ರಾಜ್ಯದ ಅಧ್ಯಕ್ಷರ ಹೆಸರನ್ನು ಸೂಚಿಸುವ ಮೂವರ ಆಯ್ಕೆ ಸಮಿತಿಗೆ ಮಕ್ಕಳ ಇಲಾಖೆಯ ಸಚಿವರೇ ಅಧ್ಯಕ್ಷರು. ಯಾವ ಇಲಾಖೆಯನ್ನು ಆಯೋಗ ನಾಳೆ ಪ್ರಶ್ನಿಸಬೇಕೋ ಆ ಇಲಾಖೆಯ ಮುಖ್ಯಸ್ಥರ ಮೇಜಿನಿಂದಲೇ ನೇಮಕ ಹೊರಡುತ್ತದೆ. ಸಿಬ್ಬಂದಿಗೂ ಹಣಕ್ಕೂ ಸರ್ಕಾರದ ಕಡೆಗೇ ನೋಡಬೇಕು. ಇದು ಯಾವ ಪಕ್ಷದ ಸರ್ಕಾರದ ಮೇಲಿನ ಮಾತೂ ಅಲ್ಲ, ಕಾನೂನಿನ ಕಟ್ಟಡದಲ್ಲೇ ಇರುವ ಬಿರುಕು. ಮಕ್ಕಳಿಗಾಗಿ ಕಾನೂನಿನ ಮೂಲಕ ಒಂಬುಡ್ಸ್‌ಮನ್ (ದೂರು ಕೇಳುವ ಸ್ವತಂತ್ರ ಅಧಿಕಾರಿ) ಹುದ್ದೆಯನ್ನು ಮೊದಲು ಸೃಷ್ಟಿಸಿದ ನಾರ್ವೆಯ 1981ರ ಪ್ರಯೋಗದ ನಂತರ ಹಲವು ದೇಶಗಳು ಈ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿವೆ. ಸ್ಕಾಟ್ಲೆಂಡಿನ 2003ರ ಕಾನೂನಿನಲ್ಲಿ ಮಕ್ಕಳ ಮತ್ತು ಯುವಜನರ ಆಯುಕ್ತರ ಹೆಸರನ್ನು ಸೂಚಿಸುವುದು ಸಚಿವರಲ್ಲ, ಅಲ್ಲಿನ ಸಂಸತ್ತು. ನಮ್ಮ ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರಿಗೂ ಉಚ್ಚ ನ್ಯಾಯಾಲಯದ ಪ್ರತಿನಿಧಿಯೊಬ್ಬರಿಗೂ ಸ್ಥಾನ ಕೊಟ್ಟರೆ ಸಾಕಷ್ಟು ಅಂತರ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಒಂದು ಸಣ್ಣ ತಿದ್ದುಪಡಿ.

ನೇಮಕ ಯಾರ ಕೈಯಲ್ಲಿದೆ ಎಂಬುದರಷ್ಟೇ ಮುಖ್ಯವಾದದ್ದು ನೇಮಕ ಆಗುತ್ತದೆಯೇ ಎಂಬುದು. ಸದಸ್ಯರ ಅವಧಿ ಮೂರೇ ವರ್ಷ. ಹಳಬರು ಇಳಿದ ದಿನ ಹೊಸಬರು ಕುಳಿತಿರದಿದ್ದರೆ ಆ ನಡುವಣ ಕಾಲದಲ್ಲಿ ಬಂದ ಅರ್ಜಿಗಳು ಟಪಾಲು ವಿಭಾಗದಲ್ಲೇ ಉಳಿಯುತ್ತವೆ. ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 9ರಂದು ನೀಡಿದ ತೀರ್ಪಿನಲ್ಲಿ, ರಾಷ್ಟ್ರೀಯ ಮತ್ತು ರಾಜ್ಯ ಆಯೋಗಗಳ ಸ್ಥಾನಗಳನ್ನು ಸಕಾಲದಲ್ಲಿ ತುಂಬಬೇಕು, ಸಾಕಷ್ಟು ಸಿಬ್ಬಂದಿ ಕೊಡಬೇಕು ಎಂದು ಹೇಳಬೇಕಾಗಿ ಬಂದದ್ದೇ ಸ್ಥಿತಿ ಹೇಗಿತ್ತೆಂಬುದನ್ನು ತಿಳಿಸುತ್ತದೆ. 2020ರ ಜನವರಿಯಲ್ಲಿ ಅದೇ ನ್ಯಾಯಾಲಯದ ಮುಂದೆ ಇನ್ನೊಂದು ನೋವಿನ ಸಂಗತಿ ಬಂದಿತ್ತು. ಪಶ್ಚಿಮ ಬಂಗಾಳದ ಅನಾಥಾಲಯಗಳಿಂದ ಮಕ್ಕಳ ಸಾಗಾಟ ನಡೆದಿದೆ ಎಂಬ ದೂರಿನಲ್ಲಿ, ವಿಚಾರಣೆಯ ಅಧಿಕಾರ ತನ್ನದೋ ನಿನ್ನದೋ ಎಂದು ರಾಷ್ಟ್ರೀಯ ಆಯೋಗವೂ ಅಲ್ಲಿನ ರಾಜ್ಯ ಆಯೋಗವೂ ಕಾದಾಡಿದ್ದವು. ಒಂದು ಆಯೋಗದ ಮುಂದೆ ಇರುವ ವಿಷಯವನ್ನು ಇನ್ನೊಂದು ವಿಚಾರಣೆ ಮಾಡಬಾರದೆಂಬ ನಿಯಮ ಇರುವುದು ಒಂದೇ ಕೆಲಸ ಎರಡು ಸಲ ಆಗದಿರಲೆಂದು. ಅದನ್ನು ಬೇಲಿಯಾಗಿ ಬಳಸಿದರೆ ಆಚೆ ಉಳಿಯುವುದು ಮಗು.

ಹದಿನೆಂಟು ದಾಟಿದ ಯುವಜನರ ಬಗ್ಗೆಯೂ ಒಂದು ಮಾತು. ಒಡಂಬಡಿಕೆಯಲ್ಲಿ ಮಗು ಎಂದರೆ ಹದಿನೆಂಟು ತುಂಬದವರು, ನಮ್ಮ ಆಯೋಗದ ನೋಟವೂ ಅಲ್ಲಿಗೇ ನಿಲ್ಲುತ್ತದೆ. ಬಾಲಮಂದಿರದಲ್ಲಿ ಬೆಳೆದ ಹುಡುಗಿ ಹುಟ್ಟುಹಬ್ಬದ ಮರುದಿನವೇ ಟ್ರಂಕು ಹಿಡಿದು ಹೊರಗೆ ನಿಲ್ಲಬಾರದೆಂದು 2015ರ ಬಾಲ ನ್ಯಾಯ ಅಧಿನಿಯಮವು 21 ವರ್ಷದವರೆಗೆ ಅನುಪಾಲನೆಗೆ, ಎಂದರೆ ಸಂಸ್ಥೆ ಬಿಟ್ಟ ನಂತರದ ಆಸರೆಗೆ, ಅವಕಾಶ ಕೊಟ್ಟಿದೆ. ಸ್ಕಾಟ್ಲೆಂಡಿನ ಆಯುಕ್ತರ ವ್ಯಾಪ್ತಿ, ಸಾರ್ವಜನಿಕ ಪಾಲನೆಯಲ್ಲಿ ಬೆಳೆದವರ ಮಟ್ಟಿಗೆ, 21ರವರೆಗೂ ಇದೆ. ನಮ್ಮಲ್ಲಿಯೂ ಹಾಗೆ ಆಗಬೇಕು.

ಅರ್ಜಿ ಬರೆಯುವವರಿಗೆ ಕೆಲವು ಮಾತು ಹೇಳಬೇಕು, ಏಕೆಂದರೆ ಎಷ್ಟೋ ಅರ್ಜಿಗಳು ಕೋಪದಿಂದ ತುಂಬಿ ವಿವರದಲ್ಲಿ ಬರಿದಾಗಿರುತ್ತವೆ. ಯಾವ ದಿನ, ಯಾವ ಕಚೇರಿಗೆ ಅಥವಾ ಶಾಲೆಗೆ ಹೋದಿರಿ, ಯಾವ ಹುದ್ದೆಯವರು ಏನು ಹೇಳಿದರು, ನಿಮ್ಮ ಕೈಯಲ್ಲಿ ಯಾವ ಕಾಗದ ಇತ್ತು, ಈಗ ಮಗು ಎಲ್ಲಿದೆ, ಏನು ಆಗಬೇಕು, ಎಷ್ಟರೊಳಗೆ ಆಗಬೇಕು ಎಂಬುದನ್ನು ಕನ್ನಡದಲ್ಲೇ ಸರಳವಾಗಿ ಬರೆಯಿರಿ. ಸ್ಥಳೀಯ ಕಚೇರಿಗೆ ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಕರಡು ಮಾಡಿಕೊಡಲು ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ, ಮಕ್ಕಳಿಗೂ ಮಹಿಳೆಯರಿಗೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಮಾತ್ರ ಆಯೋಗಕ್ಕೆ ಬರೆದು ಕಾಯಬೇಡಿ. ಪೋಕ್ಸೊ ಅಧಿನಿಯಮದ 19ನೇ ಕಲಮಿನ ಪ್ರಕಾರ ವಿಷಯ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ತುರ್ತಿದ್ದಾಗ 1098 ಅಥವಾ 112ಕ್ಕೆ ಕರೆ ಮಾಡಿ. ಆ ಕಾನೂನಿನ ಜಾರಿಯನ್ನು ನೋಡಿಕೊಳ್ಳುವ ಹೊಣೆಯೂ ಆಯೋಗದ್ದೇ, ಆದರೆ ಅದು ನಂತರದ ಮೆಟ್ಟಿಲು.

ಆ ಹುಡುಗ ಶಾಲೆಗೆ ಹೋದದ್ದು ಹತ್ತಿರ ಹತ್ತಿರ ಎರಡೂವರೆ ತಿಂಗಳು. ಮಾರ್ಚ್‌ನಲ್ಲಿ ಹೊರಡುವಾಗ ಮುಖ್ಯ ಶಿಕ್ಷಕರು ಕೇಳದೆಯೇ ಟಿ.ಸಿ. ಬರೆದು ಕೊಟ್ಟರಂತೆ. ರೈಟರ್ ಈಗ ಬೇರೆಯೇ ಕೆಲಸ ಹಿಡಿದಿದ್ದಾರೆ: ಮುಂದಿನ ಕುಯ್ಲಿಗೆ ಮೇಸ್ತ್ರಿಗಳು ಆಳುಗಳ ಪಟ್ಟಿ ತರುವಾಗಲೇ ಜೊತೆಗೆ ಬರುವ ಮಕ್ಕಳ ಹೆಸರು, ವಯಸ್ಸು, ಓದಿದ ತರಗತಿಗಳನ್ನೂ ಬರೆಸಿಕೊಳ್ಳುತ್ತಿದ್ದಾರೆ. ಅಕ್ಕಪಕ್ಕದ ಇನ್ನೆರಡು ತೋಟಗಳವರೂ ಒಪ್ಪಿದ್ದಾರೆ. ನವೆಂಬರ್‌ನ ಮೊದಲ ವಾರದಲ್ಲೇ ಆ ಪಟ್ಟಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು, ಪ್ರತಿ ಆಯೋಗಕ್ಕೆ.