ದುಡ್ಡಿಲ್ಲದ ಕಾಲದಲ್ಲೇ ಆಸ್ಪತ್ರೆ ಕಟ್ಟಿದ ದೇಶಗಳು

ಶ್ರೀಮಂತ ದೇಶಗಳಲ್ಲಿ ಎಲ್ಲರಿಗೂ ಚಿಕಿತ್ಸೆ ಸಿಗುತ್ತದೆ, ಬಡ ದೇಶಕ್ಕೆ ಅದು ಕೈಗೆಟುಕದ ಮಾತು ಎಂದು ನಾವು ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಇತಿಹಾಸ ನೋಡಿದರೆ ಇದು ಅಷ್ಟು ಸರಿಯಲ್ಲ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಶುರುವಾಗಿದ್ದು 1948ರ ಜುಲೈ 5ರಂದು. ಆಗ ಎರಡನೇ ಮಹಾಯುದ್ಧದ ಸಾಲ ದೇಶದ ಮೈಮೇಲಿತ್ತು. ಊಟದ ಸಾಮಾನಿಗೆ ಇನ್ನೂ ರೇಷನ್ ಇತ್ತು. ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ವೇಲ್ಸ್‌ನ ಗಣಿ ಊರು ಟ್ರೆಡೆಗರ್‌ನವರು. ಅಲ್ಲಿನ ಕೆಲಸಗಾರರು ತಮ್ಮ ಕೂಲಿಯಲ್ಲಿ ಒಂದಿಷ್ಟು ಸೇರಿಸಿ ಇಡೀ ಊರಿನ ಚಿಕಿತ್ಸೆ ನೋಡಿಕೊಳ್ಳುತ್ತಿದ್ದರು. ಬೆವನ್ ಅದನ್ನೇ ತೆರಿಗೆ ದುಡ್ಡಿನಲ್ಲಿ ಇಡೀ ದೇಶಕ್ಕೆ ತಂದರು. ಅದಕ್ಕೂ ಇವತ್ತು ಕಷ್ಟವಿದೆ. 2023ರಲ್ಲಿ ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುವ ಪಟ್ಟಿ 70 ಲಕ್ಷ ದಾಟಿತ್ತು. ಆದರೆ ಬಿಲ್ ಕಟ್ಟೋಕೆ ಅಲ್ಲಿ ಯಾರೂ ಮನೆ ಮಾರಬೇಕಾಗಿಲ್ಲ.

ಅಮೆರಿಕ ಬೇರೆ ದಾರಿ ಹಿಡಿಯಿತು. ಯುದ್ಧದ ವೇಳೆ ಅಲ್ಲಿ ಸಂಬಳ ಏರಿಸುವುದಕ್ಕೆ ಸರ್ಕಾರ ಮಿತಿ ಹಾಕಿತ್ತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಆರೋಗ್ಯ ವಿಮೆ ಕೊಡತೊಡಗಿದವು. ಅಲ್ಲಿಂದ ವಿಮೆ ನೌಕರಿಗೆ ಅಂಟಿಕೊಂಡಿತು. ಎಲ್ಲರಿಗೂ ವಿಮೆ ಕೊಡಲು ಅಧ್ಯಕ್ಷ ಟ್ರೂಮನ್ ಪ್ರಯತ್ನಪಟ್ಟರು. ವೈದ್ಯರ ಸಂಘವೇ ಅದನ್ನು ಜೋರಾಗಿ ವಿರೋಧಿಸಿತು. ಮುದುಕರಿಗೆ, ಬಡವರಿಗೆ ಸರ್ಕಾರಿ ವಿಮೆ ಬಂದದ್ದು 1965ರಲ್ಲಿ. ಇವತ್ತು ಆ ದೇಶ ತನ್ನ ಜಿಡಿಪಿಯ ಸುಮಾರು 17% ಆರೋಗ್ಯಕ್ಕೆ ಸುರಿಯುತ್ತದೆ. ಆದರೂ ಎರಡು ಕೋಟಿಗಿಂತ ಜಾಸ್ತಿ ಜನರಿಗೆ ವಿಮೆಯೇ ಇಲ್ಲ.

ಈಗ ನಮ್ಮ ಕಡೆ ಬರೋಣ. ಎನ್‌ಎಚ್‌ಎಸ್‌ಗಿಂತ ಎರಡು ವರ್ಷ ಮೊದಲೇ, 1946ರಲ್ಲಿ, ದೇಶದ ಆರೋಗ್ಯ ಸೇವೆ ಹೇಗಿರಬೇಕು ಎಂದು ಪರಿಶೀಲಿಸಿದ ಜೋಸೆಫ್ ಭೋರ್ ಸಮಿತಿ ತನ್ನ ವರದಿ ಕೊಟ್ಟಿತ್ತು. ಕೈಯಲ್ಲಿ ಕಾಸಿಲ್ಲ ಅಂತ ಯಾರಿಗೂ ಚಿಕಿತ್ಸೆ ತಪ್ಪಬಾರದು ಅನ್ನೋದು ಅದರ ತಿರುಳು. ಮೊದಲ ಹಂತದಲ್ಲಿ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಎಂದು ಅದು ಹೇಳಿತು. 1952ರಿಂದ ಕೇಂದ್ರಗಳು ಬಂದವು, ಆದರೆ ಹಳ್ಳಿಗಳ ದೊಡ್ಡ ಗುಂಪಾದ ಬ್ಲಾಕಿಗೆ ಒಂದೇ ಒಂದರಂತೆ. ಆಮೇಲೆ ದಶಕಗಟ್ಟಲೆ ಸರ್ಕಾರದ ಆರೋಗ್ಯ ಖರ್ಚು ಜಿಡಿಪಿಯ 1%ರ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಬಡತನ ಇತ್ತು, ನಿಜ. ಆದರೆ ನನ್ನ ಪ್ರಕಾರ ಅದೊಂದೇ ಕಾರಣವಲ್ಲ. ಶ್ರೀಲಂಕಾ ಕೂಡ ಬಡ ದೇಶವೇ ಆಗಿತ್ತು, ಅಲ್ವಾ? 1931ರಲ್ಲೇ ಅಲ್ಲಿ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಬಂತು. ಓಟು ಕೇಳಲು ಬಂದವರ ಮುಂದೆ ಹಳ್ಳಿ ಜನ ಆಸ್ಪತ್ರೆ ಕೇಳಿದರು. ಇವತ್ತು ಅಲ್ಲಿನವರ ಸರಾಸರಿ ಆಯಸ್ಸು ನಮ್ಮವರಿಗಿಂತ ಜಾಸ್ತಿ.

ಥಾಯ್ಲೆಂಡಿನ ಕಥೆಯನ್ನಂತೂ ನಾವು ಗಮನವಿಟ್ಟು ಓದಬೇಕು. ಡಾಕ್ಟರ್ ಓದಿದವರು ಮೂರು ವರ್ಷ ಸರ್ಕಾರಿ ಸೇವೆ ಮಾಡಲೇಬೇಕು ಎಂದು 1970ರ ದಶಕದಲ್ಲೇ ಅಲ್ಲಿ ನಿಯಮ ಬಂತು. 80ರ ದಶಕದಲ್ಲಿ ದೊಡ್ಡ ಊರಿನ ಆಸ್ಪತ್ರೆಗಳ ವಿಸ್ತರಣೆ ತಡೆದು, ಆ ದುಡ್ಡನ್ನು ನಮ್ಮ ತಾಲ್ಲೂಕಿನಷ್ಟು ದೊಡ್ಡ ಪ್ರದೇಶಗಳ ಆಸ್ಪತ್ರೆಗಳಿಗೆ ಕೊಟ್ಟರು. 1997ರಲ್ಲಿ ದೇಶದ ಆರ್ಥಿಕತೆಯೇ ಕುಸಿಯಿತು. ಆ ಹೊಡೆತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗಲೇ, 2001-02ರಲ್ಲಿ, 30 ಬಾತ್ (ಬಾತ್ ಅಂದರೆ ಅಲ್ಲಿನ ಹಣ) ಯೋಜನೆ ಶುರುವಾಯಿತು. ಅದರ ಹಿಂದೆ ಇದ್ದವರು ಹಳ್ಳಿ ಆಸ್ಪತ್ರೆಯಲ್ಲಿ ದುಡಿದಿದ್ದ ಡಾ. ಸಂಗುವಾನ್ ನಿತಯಾರಂಫಾಂಗ್. ಒಮ್ಮೆ ಹೋದರೆ 30 ಬಾತ್ ಕೊಟ್ಟರೆ ಆಯ್ತು. ಹೊರರೋಗಿ ಚಿಕಿತ್ಸೆ, ಮಾತ್ರೆ, ಆಪರೇಷನ್ ಎಲ್ಲವೂ ಅದರಲ್ಲೇ ಬಂತು. ಡಯಾಲಿಸಿಸ್ ಆಮೇಲೆ ಸೇರಿತು. ನೋಂದಾಯಿಸಿಕೊಂಡ ತಲೆಗೆ ಇಷ್ಟು ಅಂತ ಸರ್ಕಾರ ಆಸ್ಪತ್ರೆಗೆ ದುಡ್ಡು ಕೊಟ್ಟಿತು. ಹಾಗಾಗಿ ಬೇಡದ ಟೆಸ್ಟ್ ಬರೆದರೆ ಆಸ್ಪತ್ರೆಗೇ ನಷ್ಟ. ಆಸ್ಪತ್ರೆ, ನರ್ಸ್, ಡಾಕ್ಟರ್ ಮೊದಲೇ ಊರ ಹತ್ತಿರ ಇದ್ದದ್ದರಿಂದ ಆ ಯೋಜನೆಯ ಕಾರ್ಡಿಗೆ ಬೆಲೆ ಬಂತು.

ನಾವು ಕಾರ್ಡಿನಿಂದ ಶುರುಮಾಡಿದೆವು. ಕರ್ನಾಟಕದ ಯಶಸ್ವಿನಿ 2003ರಲ್ಲಿ ಜಾರಿಗೆ ಬಂತು. ಡಾ. ದೇವಿ ಶೆಟ್ಟಿಯವರ ಯೋಚನೆ ಅದು. ಸಹಕಾರ ಸಂಘದ ರೈತ ಆಗ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ದೊಡ್ಡ ಆಪರೇಷನ್ ಕೂಡ ಆಗುತ್ತಿತ್ತು. ಎಷ್ಟೋ ಮನೆಗಳನ್ನು ಅದು ಉಳಿಸಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಕುಟುಂಬಕ್ಕೆ 5 ಲಕ್ಷದವರೆಗೆ ರಕ್ಷಣೆ ಕೊಡುತ್ತದೆ. ಆದರೆ ಇವೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. ಬಿಪಿ, ಶುಗರ್ ಮಾತ್ರೆ ತಿಂಗಳು ತಿಂಗಳೂ ಬೇಕು. ಆ ಖರ್ಚಿಗೆ ಈ ಕಾರ್ಡು ಆಗಿಬರುವುದಿಲ್ಲ.

ಜನ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಒಟ್ಟು ಆರೋಗ್ಯ ಖರ್ಚಿನ 64.2% ಇತ್ತು. 2021-22ಕ್ಕೆ ಅದು 39.4%ಗೆ ಇಳಿದಿದೆ ಎನ್ನುತ್ತದೆ ಸರ್ಕಾರದ ಲೆಕ್ಕ. ಒಳ್ಳೆಯದೇ. ಆದರೆ ಅದೇ ಲೆಕ್ಕದಲ್ಲಿ ಸರ್ಕಾರದ ಖರ್ಚು ಜಿಡಿಪಿಯ 1.84% ಮಾತ್ರ. 2025ರೊಳಗೆ 2.5% ಮುಟ್ಟುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತ್ತು. ಬಾಕಿ ಉಳಿದ ಆ ದುಡ್ಡು ಮೊದಲು ಹೋಗಬೇಕಾದದ್ದು ಭೋರ್ ಸಮಿತಿ ಹೇಳಿದ ಆ ಪ್ರಾಥಮಿಕ ಕೇಂದ್ರಗಳಿಗೆ, ಅಲ್ಲಿನ ಡಾಕ್ಟರ್, ನರ್ಸ್‌ಗಳ ಸಂಬಳಕ್ಕೆ, ದಿನನಿತ್ಯದ ಮಾತ್ರೆಗಳಿಗೆ.